ಸೂಜಿಗೆ ಸಿಗದ ರಕ್ತನಾಳ

ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಅವಳನ್ನು ಎಲ್ಲರೂ ಸೂಜಿಯಕ್ಕ ಎಂದೇ ಕರೆಯುತ್ತಿದ್ದರು. ನರ್ಸ್ ಕೆಲಸಕ್ಕೆ ಸೇರಿದ ಇಪ್ಪತ್ತಾರು ವರ್ಷಗಳಲ್ಲಿ ಅವಳ ಬೆರಳಿಗೆ ಸಿಗದೆ ತಪ್ಪಿಸಿಕೊಂಡ ರಕ್ತನಾಳವಿರಲಿಲ್ಲ. ಬಸ್ಸಿನಲ್ಲಿ ಕೂತರೂ ಎದುರಿನವರ ಮುಖ ನೋಡುವವಳಲ್ಲ, ಮೊಣಕೈ ನೋಡುವವಳು. "ಮೊದಲ್ನೇ ಸಲ ಸಿಕ್ಕಾಗ ನನ್ನ ಕೈ ಹಿಡ್ಕೊಂಡ್ಲು. ಪ್ರೀತಿ ಅಂದ್ಕೊಂಡೆ. ಆಮೇಲೆ ಗೊತ್ತಾಯ್ತು, ನಾಳ ಹುಡುಕ್ತಿದ್ಲು" ಎಂದು ದರ್ಜಿ ಗಂಡ ಬಂದವರ ಮುಂದೆಲ್ಲ ಕಾಲೆಳೆಯುತ್ತಿದ್ದ.

ಎರಡು ಸಲ ಚುಚ್ಚಿಯೂ ಸಿಗದಿದ್ದರೆ ವೈದ್ಯರನ್ನು ಕರೆಯಬೇಕು ಎಂಬುದು ವಾರ್ಡಿನ ನಿಯಮ. ಅದು ಹೊಸಬರಿಗೆ ಎಂದು ಅವಳು ತೀರ್ಮಾನಿಸಿಬಿಟ್ಟಿದ್ದಳು.

ಒಂದು ಮಧ್ಯಾಹ್ನ, ಮನೆಯಲ್ಲೇ ಹೆತ್ತ ಇಸ್ತ್ರಿ ಅಂಗಡಿಯ ಹೆಂಗಸನ್ನು ಹೊತ್ತು ತಂದರು. ರಕ್ತಸ್ರಾವ ನಿಂತಿರಲಿಲ್ಲ. ತಕ್ಷಣ ರಕ್ತ ಕೊಡದಿದ್ದರೆ ಜೀವ ಉಳಿಯದು. ಕೊಡಲು ದಾರಿಯೇ ಇಲ್ಲ. ಮೈಯಲ್ಲಿ ರಕ್ತ ಇಳಿದರೆ ನಾಳಗಳು ಚಪ್ಪಟೆಯಾಗಿ ಮುದುಡಿಕೊಳ್ಳುತ್ತವೆ. ಸೂಜಿಯಕ್ಕ ಎರಡು ಸಲ ಚುಚ್ಚಿದಳು, ಮೂರನೆಯದೂ ಆಯಿತು. "ಸಿಕ್ತು, ಸಿಕ್ತಮ್ಮ, ಇನ್ನೊಂದೇ ನಿಮಿಷ." ಸಿಕ್ಕಿರಲಿಲ್ಲ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ, ಐದನೆಯದಕ್ಕೂ ಕೈ ಹಾಕಿದಳು. ಹೆಂಗಸಿನ ತುಟಿ ಪೂರ್ತಿ ಬಿಳಿಚಿಕೊಂಡಾಗ ಅವಳಿಗೆ ನಿಜಕ್ಕೂ ಹೆದರಿಕೆಯಾಯಿತು. "ನನ್ ಕೈಲಾಗ್ತಿಲ್ಲ, ಡಾಕ್ಟ್ರನ್ನ ಕರೀರಿ" ಎಂದಳು.

ಬಂದ ವೈದ್ಯೆ ಅವಳ ಮಗಳ ವಯಸ್ಸಿನವಳು. ಕೈಗಳ ಗೊಡವೆಗೇ ಹೋಗಲಿಲ್ಲ. ಪಾದದ ಕೀಲಿನ ಒಳಬದಿಯ ಮೂಳೆಗಂಟಿನ ತುಸು ಮುಂದೆ, ತುಸು ಮೇಲೆ ಮರಗಟ್ಟಿಸುವ ಮದ್ದು ಕೊಟ್ಟು ಚರ್ಮ ಕೊಯ್ದಳು. "ಈ ನಾಳ ಎಲ್ರಿಗೂ ಹೆಚ್ಚುಕಮ್ಮಿ ಇದೇ ಜಾಗದಲ್ಲಿರುತ್ತೆ ಅಕ್ಕ. ತಡಕೋದು ಬೇಡ, ಬಿಡಿಸಿ ನೋಡಿದ್ರಾಯ್ತು."

ಸೂಜಿಯಕ್ಕ ದೀಪ ಹಿಡಿದು ಬಗ್ಗಿದಳು. ಇಷ್ಟು ವರ್ಷ ಚುಚ್ಚಿದ್ದನ್ನು ಅವಳು ಕಣ್ಣಾರೆ ಕಂಡೇ ಇರಲಿಲ್ಲ. ನೆನೆದ ಲಾಡಿಯ ಹಾಗೆ ಮಾಸಲು ಬಿಳುಪು. ಇದೇನಾ ಅದು? ಹೆದರಿಕೆಯ ನಡುವೆಯೂ ಅವಳಿಗೆ ಕಣ್ಣು ಕೀಳಲಾಗಲಿಲ್ಲ. ವೈದ್ಯೆ ನಾಳದಡಿ ಎರಡು ದಾರ ತೂರಿಸಿ, ಕೆಳಗಿನದನ್ನು ಬಿಗಿದಳು. ನಾಳಕ್ಕೆ ಸಣ್ಣ ಗೀರು ಹಾಕಿ, ನಳಿಕೆ ಇಳಿಸಿ, ಮೇಲಿನ ದಾರದಿಂದ ನಾಳವನ್ನೂ ನಳಿಕೆಯನ್ನೂ ಸೇರಿಸಿ ಕಟ್ಟಿದಳು. ರಕ್ತ ಒಳಗೆ ಹರಿಯತೊಡಗಿತು.

ಮೂರನೆಯ ದಿನ ಆ ಹೆಂಗಸು ಕೂತು ಮಗುವಿಗೆ ಹಾಲೂಡಿಸುತ್ತಿದ್ದಳು. ಎರಡೂ ಕೈ ನೀಲಿಗಟ್ಟಿದ್ದವು.

"ಈ ಗತಿ ಮಾಡಿದ್ದು ನಾನೇ" ಎಂದಳು ಸೂಜಿಯಕ್ಕ. "ಎರಡಕ್ಕೇ ನಿಲ್ಲಿಸ್ಬೇಕಿತ್ತು. ಹಟಕ್ಕೆ ಬಿದ್ದೆ."

"ಕೈ ನೋವು ಹೋಗುತ್ತೆ ಬಿಡಿ" ಎಂದಳು ಬಾಣಂತಿ. "ಅವತ್ತು ಕಣ್ಣು ಕತ್ತಲೆ ಬರ್ತಿದ್ರೂ ಹೇಗೋ ತಡ್ಕೊಂಡಿದ್ದೆ. ನೀವು ಸಿಕ್ತು ಅಂದ್ರಲ್ಲ, ಸರಿ, ಇನ್ನು ಕಣ್ಣು ಮುಚ್ಬಹುದು ಅಂತ ಮುಚ್ಚಿಬಿಟ್ಟೆ."

ಸೂಜಿಯಕ್ಕ ಮಂಚದ ಅಂಚಿನಲ್ಲಿ ಕೂತುಬಿಟ್ಟಳು.