ಕಂಕನಾಡಿಯಲ್ಲಿ ಬೆಳ್ಳಗಾದ ಲೇಖಕಿಯರು

ನಮ್ಮ ಕಾಲೇಜಿನ ಲೈಬ್ರರಿಯಲ್ಲಿ ಅಮೆರಿಕದ ಕಪ್ಪು ಲೇಖಕಿಯರು, ಹೋರಾಟಗಾರ್ತಿಯರ ಬಗ್ಗೆ ಒಂದು ಪ್ರದರ್ಶನ ಇಟ್ಟುಕೊಂಡಿದ್ದೆವು. ಅವರ ಫೋಟೋಗಳನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಲು ಕಂಕನಾಡಿಯ ಸ್ಟುಡಿಯೋ ಒಂದಕ್ಕೆ ಕೊಟ್ಟಿದ್ದೆ. ತರಲು ಹೋದರೆ ಎಲ್ಲರೂ ಗೋಧಿ ಬಣ್ಣಕ್ಕೆ ತಿರುಗಿದ್ದರು!

"ಇದೆಂತ ಮಾಡಿದ್ದು ಮಾರಾಯ್ತಿ?" ಎಂದು ರೇಗಿದೆ.

ಕಂಪ್ಯೂಟರಿನ ಮುಂದಿದ್ದ ಶಶಿಕಲಾ ಗಾಬರಿಯಾದಳು. "ಹೆಂಗಸರ ಫೋಟೋ ಬಂದ್ರೆ ಸ್ವಲ್ಪ ಬೆಳ್ಳಗೆ ಮಾಡಿಯೇ ಕೊಡುವುದು ಮೇಡಂ. ಸಂಬಂಧ ನೋಡುವವರಿಗೆ ಕಳಿಸ್ಲಿಕ್ಕೆ ಉಂಟಲ್ಲ, ಹಾಗೆ ಅಭ್ಯಾಸ."

ಅವಳದೂ ಕಪ್ಪು ಮೈಬಣ್ಣ. ನನ್ನ ಸಿಟ್ಟು ಅಲ್ಲೇ ಇಳಿಯಿತು. ಸ್ಟೂಲ್ ಎಳೆದುಕೊಂಡು ಕೂತು ಹೇಳಿದೆ: "ನಮ್ಮ ಬಣ್ಣದಲ್ಲಿ ತಿದ್ದುವಂಥದ್ದು ಏನೂ ಇಲ್ಲ ಅಂತ ಜೀವಮಾನವಿಡೀ ಬರೆದವರು ಇವರು. ಅದಕ್ಕಾಗಿ ಬೀದಿಗಿಳಿದು ಜೈಲಿಗೆ ಹೋದವರೂ ಇದ್ದಾರೆ."

ಅವಳು ಒಂದೊಂದೇ ಮುಖವನ್ನು ಮೊದಲಿನ ಬಣ್ಣಕ್ಕೆ ತಂದಳು. ಕೊನೆಯ ಮುಖ ಬಂದಾಗ ಅವಳ ಕೈ ನಿಂತಿತು.

"ಇವರು ನಮ್ಮ ದೊಡ್ಡಮ್ಮನ ಹಾಗೇ ಇದ್ದಾರೆ ಮೇಡಂ. ದೊಡ್ಡಮ್ಮನ ಒಂದು ಫೋಟೋ ಕೂಡ ಮನೆಯಲ್ಲಿಲ್ಲ. ಕ್ಯಾಮೆರಾ ಕಂಡ್ರೆ ಅಡುಗೆಮನೆಗೆ ಹೋಗ್ತಿದ್ರು, ತಾನು ಕಪ್ಪು ಅಂತ."

ಆ ಫೋಟೋದ ಇನ್ನೊಂದು ಪ್ರತಿ ಹಾಕಿಸಿ ಅವಳಿಗೇ ಕೊಟ್ಟೆ.

ಮುಂದಿನ ವಾರ ನನ್ನದೇ ಪಾಸ್‌ಪೋರ್ಟ್ ಫೋಟೋ ತೆಗೆಸಲು ಅಲ್ಲಿಗೆ ಹೋದೆ. ಶಶಿಕಲಾ ನಗುತ್ತಾ ಕೇಳಿದಳು: "ಹೇಗೆ ಉಂಟೋ ಹಾಗೇ ಇಡುವುದಲ್ಲವಾ ಮೇಡಂ?"

ಹೌದು ಅಂದೆ. ಆ ಒಂದು ಮಾತು ಹೊರಡಲು ಎಷ್ಟು ಹೊತ್ತು ಹಿಡಿಯಿತು ಎನ್ನುವುದನ್ನು ಕಂಡದ್ದು ಅವಳೊಬ್ಬಳೇ, ಪುಣ್ಯ.