ಸೊಂಟದಲ್ಲಿ ಕೋವಿಗೆ ಜಾಗ

ನಾನು ಫಿಸಿಯೋಥೆರಪಿಸ್ಟ್. ಸ್ಟ್ರೋಕ್ ಹೊಡೆದು ಇಲ್ಲವೇ ಬಿದ್ದು ಮೂಳೆ ಮುರಿದುಕೊಂಡು ಆಸ್ಪತ್ರೆಯಿಂದ ಮನೆಗೆ ಬಂದವರನ್ನು ಮತ್ತೆ ಎಬ್ಬಿಸಿ ನಿಲ್ಲಿಸುವುದು ನನ್ನ ಕೆಲಸ. ಬೆಳಿಗ್ಗೆ ಅಮೆರಿಕದ ನ್ಯೂಜೆರ್ಸಿಯ ಮಾನ್ಮತ್ ಜಂಕ್ಷನ್‌ನಲ್ಲಿರುವ ನಮ್ಮ ಮನೆಯಿಂದ ಹೊರಟರೆ ಕತ್ತಲಾಗುವುದರೊಳಗೆ ನಾಲ್ಕೈದು ಮನೆ ಸುತ್ತುತ್ತೇನೆ. ಎಲ್ಲ ಮನೆಗಳೂ ಹುಲ್ಲು ಕತ್ತರಿಸಿದ ಅಂಗಳದವಲ್ಲ. ಎರಡು ವರ್ಷದ ಹಿಂದಿನ ಚಳಿಗಾಲದಲ್ಲಿ, ಉತ್ತರಕ್ಕಿರುವ ಒಂದು ಊರಿನ ಹಳೇ ಅಪಾರ್ಟ್‌ಮೆಂಟಿನ ಮೆಟ್ಟಿಲ ಮೇಲೆ, ಮಟಮಟ ಮಧ್ಯಾಹ್ನ, ಇಬ್ಬರು ನನ್ನನ್ನು ಗೋಡೆಗೆ ಒತ್ತಿ ಹಿಡಿದು ಬ್ಯಾಗು, ಫೋನು, ಕತ್ತಿನ ಸರ ಮೂರನ್ನೂ ಕಿತ್ತುಕೊಂಡು ಹೋದರು. ಸರ ಎಳೆದಾಗ ಕತ್ತಿನ ಮೇಲೆ ಬಿದ್ದ ಗೆರೆ ಬೇಗ ಮಾಯಿತು. ಸಿಟ್ಟು ಮಾಯಲಿಲ್ಲ.

ಅದೇ ಕಟ್ಟಡದ ಮೂರನೇ ಮಹಡಿಯಲ್ಲಿ ನನ್ನ ಪೇಶೆಂಟ್ ಇದ್ದಳು. ಎಪ್ಪತ್ತು ದಾಟಿದ ಕಪ್ಪು ಹೆಂಗಸು, ಬದುಕಿಡೀ ಸ್ಕೂಲ್ ಬಸ್ ಓಡಿಸಿದವಳು. ಸ್ಟ್ರೋಕ್‌ನಿಂದ ಎಡಗಾಲು, ಎಡಗೈ ಸೋತಿದ್ದವು. ಮಗಳು ಹಗಲೆಲ್ಲ ಕೆಲಸಕ್ಕೆ ಹೋಗುತ್ತಿದ್ದಳು. ಮೆಟ್ಟಿಲ ಮೇಲೆ ನನಗಾದದ್ದು ಇಬ್ಬರ ಕಿವಿಗೂ ಬಿದ್ದಿತ್ತು. ನಾನು ಕೆಲಸ ಮಾಡುವ ಏಜೆನ್ಸಿಯವರು ಬೇಕಿದ್ದರೆ ಆ ಮನೆ ಬಿಡು ಎಂದರು. ಆದರೆ ನನ್ನ ಬದಲು ಹೋಗಲು ಬೇರೆ ಯಾರೂ ಒಪ್ಪಲಿಲ್ಲ. ಸ್ಟ್ರೋಕ್ ಆದ ಮೊದಲ ತಿಂಗಳುಗಳಲ್ಲಿ ಕೂತವರು ಕೂತೇ ಉಳಿಯುವ ಭಯವಿರುತ್ತದೆ. ನಾನು ಧೈರ್ಯ ತಂದುಕೊಳ್ಳಲಿ ಎಂದು ಆ ಕಾಲು ಕಾಯುತ್ತಿರಲಿಲ್ಲ.

ಗಂಡ ಮೈಸೂರಿನವನು, ಬೆಳ್ಳುಳ್ಳಿಯನ್ನೂ ಮುಟ್ಟದ ಮನೆಯಿಂದ ಬಂದವನು. ಆ ಬಿಲ್ಡಿಂಗಿನ ಸಹವಾಸವೇ ಬೇಡ ಎಂದ. ಹೋಗುತ್ತೇನೆ, ಆದರೆ ಬರಿಗೈಯಲ್ಲಿ ಹೋಗುವುದಿಲ್ಲ ಎಂದೆ. ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಎರಡು ದಿನ ಮಾತು ಬಿಟ್ಟ.

ನಾನು ಕೊಡಗಿನವಳು. ನಮ್ಮಲ್ಲಿ ಕೈಲ್ ಮುಹೂರ್ತದ ದಿನ ಕೋವಿಗಳನ್ನು ಒರೆಸಿ, ದೀಪದ ಮುಂದೆ ಸಾಲಾಗಿ ಇಟ್ಟು, ನಳಿಗೆಗೆ ಹೂ ಸಿಕ್ಕಿಸಿ ಪೂಜೆ ಮಾಡುತ್ತಾರೆ. ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಪಂದ್ಯದಲ್ಲಿ ಅಣ್ಣಂದಿರ ಮುಖ ಸಣ್ಣದಾಗುವಂತೆ ಗೆದ್ದವಳು ನಾನು. ಹಾಗಾಗಿ ಅಂಗೈಯಷ್ಟು ಪಿಸ್ತೂಲು ಯಾವ ಮಹಾ ಎಂಬ ಜಂಬ ನನಗಿತ್ತು. ಒಂದು ಸಂಗತಿ ಮಾತ್ರ ಹೊಳೆದಿರಲಿಲ್ಲ. ನಮ್ಮ ಕೋವಿ ಎಲ್ಲರಿಗೂ ಕಾಣುವಂತೆ ಗೋಡೆಯ ಮೇಲಿರುವಂಥದ್ದು. ಇಲ್ಲಿ ಕೊಳ್ಳಹೊರಟಿದ್ದನ್ನು ಯಾರ ಕಣ್ಣಿಗೂ ಬೀಳದಂತೆ ಮೈಗೆ ಅಂಟಿಸಿಕೊಂಡು ತಿರುಗಬೇಕು. ಅದು ಬೇರೆಯೇ ವಿದ್ಯೆ.

ನ್ಯೂಜೆರ್ಸಿಯಲ್ಲಿ ಅದಕ್ಕೆ ಪರ್ಮಿಟ್ ಬೇಕು, ಪರ್ಮಿಟ್ಟಿಗೆ ನಮ್ಮನ್ನು ಬಲ್ಲ ನಾಲ್ವರ ಮಾತು ಬೇಕು, ಆ ನಾಲ್ವರು ನೆಂಟರಾಗಿರಬಾರದು. ಬ್ರಿಡ್ಜ್‌ವಾಟರ್ ದೇವಸ್ಥಾನದ ಕ್ಯಾಂಟೀನಿನಲ್ಲಿ ಸಿಕ್ಕ ಆಂಟಿಯೊಬ್ಬರು ಇದೇನು ಆಯುಧಪೂಜೆಗೇನಮ್ಮಾ ಎಂದು ಕೇಳಿ, ದೋಸೆ ಮುಗಿಸಿ, ಒಪ್ಪಿಕೊಂಡರು. ಕಾಗದಪತ್ರ ಓಡಾಡುತ್ತಿದ್ದಾಗಲೇ ನಾನು ಶೂಟಿಂಗ್ ರೇಂಜಿಗೆ ಹೋಗತೊಡಗಿದೆ. ಅಲ್ಲಿ ಬಾಡಿಗೆಗೆ ಕೊಡುತ್ತಾರೆ, ಹೊಡೆದು ನೋಡಿ ಆರಿಸಿಕೊಳ್ಳಬಹುದು. ಕಲಿಸುವವಳು ನನ್ನ ವಯಸ್ಸಿನ ಹೆಂಗಸು, ಮಾತು ಕಡಿಮೆ. ನನ್ನ ಮುಂದೆ ಮೂರನ್ನು ಇಟ್ಟಳು.

ಮೊದಲನೆಯದು ಬಹಳ ಚಿಕ್ಕದು. ಕೋಟಿನ ಜೇಬಿಗೆ ಹಾಕಿದರೆ ಇದೆಯೋ ಇಲ್ಲವೋ ಎನ್ನಬೇಕು, ಅಷ್ಟು ಹಗುರ. ಕಿರುಬೆರಳಿಗೆ ಹಿಡಿಯಲ್ಲಿ ಜಾಗವೇ ಇಲ್ಲ. ಹೊಡೆದರೆ ಕೈಯಲ್ಲಿ ಹುಚ್ಚುಹುಚ್ಚಾಗಿ ಜಿಗಿಯುತ್ತಿತ್ತು. ಮೊದಲ ಗುಂಡು ಗುರಿಗೆ ಬಿದ್ದರೆ ಮೂರನೆಯದು ಕಾಗದದ ಅಂಚಿಗೆ ಬೀಳುತ್ತಿತ್ತು. ತೆಂಗಿನಕಾಯಿ ಹೊಡೆದ ಜಂಬವೆಲ್ಲ ಒಂದೇ ಬೆಳಿಗ್ಗೆ ಇಳಿಯಿತು. ಹಗುರವಾದದ್ದೇ ಹೆಚ್ಚು ಒದೆಯುತ್ತದೆ ಎನ್ನುವುದು ನನಗೆ ತಿಳಿದಿರಲಿಲ್ಲ.

ಎರಡನೆಯದು ರಿವಾಲ್ವರ್, ಐದು ಗುಂಡಿನದು. ಅದರಲ್ಲಿ ಸಿಕ್ಕಿಕೊಳ್ಳುವಂಥದ್ದು ಕಡಿಮೆ, ಎಳೆದರೆ ಹೊಡೆಯುತ್ತದೆ, ಅಷ್ಟೇ. ಆದರೆ ಟ್ರಿಗರ್ ಎಷ್ಟು ಬಿಗಿ ಎಂದರೆ ಎಳೆದು ಮುಗಿಸುವಷ್ಟರಲ್ಲಿ ನಳಿಗೆ ಎಡಕ್ಕೆ ವಾಲುತ್ತಿತ್ತು. ಗುಂಡು ತುಂಬುವ ಉರುಳೆ ದಪ್ಪ, ಸೊಂಟಕ್ಕೆ ಒತ್ತುತ್ತಿತ್ತು. ಮೂರನೆಯದು ಮೊದಲನೆಯದಕ್ಕಿಂತ ಒಂದು ಬೆರಳು ಉದ್ದ, ಸ್ವಲ್ಪ ಭಾರ. ಐದೂ ಬೆರಳು ಕೂತವು. ಒದೆತ ಮೆತ್ತಗಿತ್ತು. ಹತ್ತು ಗುಂಡೂ ನನ್ನ ಅಂಗೈ ಅಗಲದೊಳಗೆ ಬಿದ್ದವು. ನನಗೆ ಅದೇ ಬೇಕೆನಿಸಿತು, ಅದನ್ನೇ ಹೇಳಿದೆ. ಅವಳು ನನ್ನ ಜೀನ್ಸು, ಬೆಲ್ಟು ನೋಡಿ, ಕೆಲಸಕ್ಕೂ ಇದನ್ನೇ ಹಾಕ್ತೀಯಾ ಎಂದು ಕೇಳಿದಳು.

ನಾನು ಕೆಲಸಕ್ಕೆ ಹಾಕುವುದು ಲಾಡಿ ಕಟ್ಟುವ ತೆಳು ಪ್ಯಾಂಟು, ಮೇಲೊಂದು ಸಡಿಲ ಅಂಗಿ. ಅಲ್ಲಿ ಬೆಲ್ಟಿಗೆ ಜಾಗವಿಲ್ಲ. ಬೆಲ್ಟಿಲ್ಲದೆ ಪಿಸ್ತೂಲಿನ ಚೀಲ ನಿಲ್ಲುವುದಿಲ್ಲ. ಹೊಟ್ಟೆಗೆ ಸುತ್ತುವ ಅಗಲದ ಪಟ್ಟಿ ತಂದು, ಪರ್ಮಿಟ್ ಬರುವ ತನಕ ಅಭ್ಯಾಸಕ್ಕೆಂದು ಕಲಿಸುವವಳು ಕೊಟ್ಟಿದ್ದ, ಮೂರನೆಯದರದೇ ಅಳತೆಯ ನೀಲಿ ಪ್ಲಾಸ್ಟಿಕ್ ಡಮ್ಮಿಯನ್ನು ಅದಕ್ಕೆ ಸಿಕ್ಕಿಸಿ ನೋಡಿದೆ. ಬಗ್ಗಿದರೆ ಹಿಡಿಯ ತುದಿ ಅಂಗಿಯ ಬೆನ್ನಿನಲ್ಲಿ ಎದ್ದು ಕಾಣುತ್ತಿತ್ತು. ಮುಂದಕ್ಕೆ ಸರಿಸಿದರೆ ಕೂರಲಾಗುತ್ತಿರಲಿಲ್ಲ. ಗಂಡಸರ ಸೊಂಟ ನೋಡಿಯೇ ಇವನ್ನೆಲ್ಲ ಮಾಡಿದ್ದಾರೆ ಎಂದು ರೇಗಿದೆ. ಚೆನ್ನಾಗಿ ಅಡಗುವುದು ಚೆನ್ನಾಗಿ ಹೊಡೆಯುವುದಿಲ್ಲ, ಚೆನ್ನಾಗಿ ಹೊಡೆಯುವುದು ಅಡಗುವುದಿಲ್ಲ. ಅತ್ತ ದರಿ, ಇತ್ತ ಪುಲಿ. ಆದರೂ ಬಿಡುವ ಜಾತಿ ನನ್ನದಲ್ಲ. ಅಂಗಿಯನ್ನು ಒಂದು ಸೈಜ್ ದೊಡ್ಡದು ತಂದೆ.

ಇನ್ನೊಂದು ತೊಡಕಿತ್ತು. ಕಾನೂನಿನ ಪ್ರಕಾರ ಇನ್ನೊಬ್ಬರ ಮನೆಯೊಳಗೆ ಪಿಸ್ತೂಲು ಒಯ್ಯಬೇಕಾದರೆ ಮನೆಯವರು ಒಪ್ಪಬೇಕು. ಎಂದರೆ ಪ್ರತಿ ಪೇಶೆಂಟಿಗೂ ಬಾಗಿಲಲ್ಲೇ ಹೇಳಿ ಕೇಳಬೇಕು. ಕಾರಿನಲ್ಲಿ ಒಬ್ಬಳೇ ಆ ಮಾತನ್ನು ಹತ್ತಾರು ಬಗೆಯಲ್ಲಿ ಹೇಳಿಕೊಂಡೆ. ನಾನು ನಿಮ್ಮನ್ನು ನಿಲ್ಲಿಸಲು ಬಂದಿದ್ದೇನೆ, ನನ್ನ ಬಳಿ ಪಿಸ್ತೂಲಿದೆ, ಒಳಗೆ ಬರಲೇ. ಹೇಗೆ ಹೇಳಿದರೂ ದರೋಡೆಯ ಮಾತಿನಂತೆಯೇ ಕೇಳಿಸುತ್ತಿತ್ತು.

ಇಷ್ಟರಲ್ಲಿ ಗಂಡ ಮೆತ್ತಗಾಗಿದ್ದ. ಮಾತಿಲ್ಲದ ಎರಡು ದಿನದಲ್ಲಿ ಅವನಿಗೆ ಇವಳು ಹೇಗಿದ್ದರೂ ಹೋಗುತ್ತಾಳೆ ಎಂಬುದು ಖಾತ್ರಿಯಾಗಿತ್ತು. ಹೋಗುವುದೇ ಆದರೆ ಪಿಸ್ತೂಲು ಇರಲಿ ಎನ್ನುವ ಮಟ್ಟಕ್ಕೆ ಬಂದ. ಒಂದು ಭಾನುವಾರ ಆ ನೀಲಿ ಡಮ್ಮಿಯನ್ನು ಪಟ್ಟಿಗೆ ಸಿಕ್ಕಿಸಿಕೊಂಡು, ನೀನು ಪೇಶೆಂಟ್ ಆಗು ಎಂದೆ. ಕೆಲಸ ಮಾಡುವಾಗ ಅದು ಕಾಣುತ್ತದೆಯೋ ಇಲ್ಲವೋ ನೋಡುವುದಷ್ಟೇ ನನ್ನ ಉದ್ದೇಶ.

ಅವನು ಸೋಫಾದಲ್ಲಿ ಎಡಗೈ ಜೋತುಬಿಟ್ಟು ಕೂತ. ಅವನ ಸೊಂಟಕ್ಕೆ ಕ್ಯಾನ್ವಾಸ್ ಬೆಲ್ಟು ಕಟ್ಟಿ, ಮೊಣಕಾಲಿಗೆ ಮೊಣಕಾಲು ಕೊಟ್ಟು, ದಿನವೂ ಮಾಡುವಂತೆ ಎತ್ತಿದೆ. ಅವನಿಗೆ ನಟನೆಯ ಹುಚ್ಚು, ಕಾಲೇಜಿನಲ್ಲಿ ನಾಟಕವಾಡಿದವನು. ಅರ್ಧ ಎದ್ದವನು ನಿಜವಾಗಿಯೂ ಕುಸಿದ. ಕುಸಿಯುವವರು ಮಾಡುವುದನ್ನೇ ಮಾಡಿದ, ಬಲಗೈಗೆ ಸಿಕ್ಕಿದ್ದನ್ನು ಹಿಡಿದುಕೊಂಡ. ನಾನು ಅವನನ್ನು ಹೇಗೋ ಸೋಫಾಕ್ಕೆ ಇಳಿಸಿದೆ. ನೋಡಿದರೆ ನೀಲಿ ಡಮ್ಮಿ ಅವನ ಮುಷ್ಟಿಯಲ್ಲಿತ್ತು.

ಇಬ್ಬರೂ ಅದನ್ನೇ ನೋಡಿದೆವು. ನಗು ಬರಲಿಲ್ಲ. ಬಲಕ್ಕೆ, ಎಡಕ್ಕೆ, ಕಂಕುಳ ಕೆಳಗೆ ಕಟ್ಟಿ ಮತ್ತೆ ಮಾಡಿದೆವು. ಬೀಳುವವನ ಕೈ ಪ್ರತಿ ಸಲವೂ ಅದನ್ನು ಹುಡುಕಿಕೊಂಡೇ ಬಂತು. ನನ್ನ ಕೆಲಸವೇ ಹಾಗೆ, ನನ್ನ ಮೈಯೇ ಅವರಿಗೆ ಕಂಬ. ಅವರು ಎಲ್ಲಿ ಬೇಕಾದರೂ ಹಿಡಿಯಬಹುದು, ಹಿಡಿಯಲೇಬೇಕು. ಅಲ್ಲಿ ಪಿಸ್ತೂಲು ಇಟ್ಟುಕೊಂಡರೆ ನಾನು ಅವರನ್ನು ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಬಿಟ್ಟುಕೊಳ್ಳದೆ ಯಾರನ್ನೂ ನಿಲ್ಲಿಸಲಾಗುವುದಿಲ್ಲ. ಮೂಗಿಗಿಂತ ಮೂಗುತಿ ಭಾರ ಎಂದೆ. ಗಂಡ ಡಮ್ಮಿಯನ್ನು ಟೀಪಾಯಿಯ ಮೇಲಿಟ್ಟ.

"ಹಾಗಾದ್ರೆ ಆ ಬಿಲ್ಡಿಂಗ್ ಬಿಟ್ಬಿಡ್ತೀಯಲ್ಲ?"

"ಇಲ್ಲ ಕಣೋ. ಗನ್ ಬಿಡ್ತೀನಿ."

ಅವನು ಕಾಫಿ ಮಾಡಲು ಎದ್ದುಹೋದ.

ಮರುದಿನ ಏಜೆನ್ಸಿಗೆ ಫೋನ್ ಮಾಡಿ, ಇಷ್ಟು ದಿನ ಯಾರೂ ಹೋಗದೆ ಉಳಿದಿದ್ದ ಆ ಮನೆಯನ್ನು ಮತ್ತೆ ನನಗೇ ಹಾಕಿಸಿಕೊಂಡೆ. ಆ ವಾರವೇ ಹೋದೆ. ಕಟ್ಟಡದ ಮುಂದೆ ಕಾರು ನಿಲ್ಲಿಸಿ, ಕೆಳಗೆ ಬಂದಿದ್ದೇನೆ, ಮಗಳು ಬಾಗಿಲಿನ ಚಿಲಕ ತೆಗೆದಿಟ್ಟು ಹೋಗಿದ್ದಾಳಲ್ಲ ಎಂದು ನನ್ನ ಪೇಶೆಂಟನ್ನು ಫೋನಿನಲ್ಲಿ ಕೇಳಿದೆ. ಹೂಂ, ಬಾ ಎಂದಳು. ಕಾರಿನಿಂದ ಇಳಿಯಲು ಮಾತ್ರ ನನ್ನಿಂದ ಕೂಡಲೇ ಆಗಲಿಲ್ಲ. ಸ್ಟೀರಿಂಗ್ ಹಿಡಿದು ಕೂತು, ನನಗೆ ಬರುವ ಬೈಗುಳಗಳನ್ನೆಲ್ಲ ಕೊಡವ ಭಾಷೆಯಲ್ಲಿ ಒಂದೊಂದಾಗಿ ಬೈದೆ. ಬೈದು ಮುಗಿದ ಮೇಲೆ ಇಳಿದೆ.

ಒಳಗೆ ಯಾರೂ ಇರಲಿಲ್ಲ. ಮೊದಲ ಮಹಡಿಯವರೆಗೆ ಗೋಡೆಗೆ ಬೆನ್ನು ಹಾಕಿ ಅಡ್ಡಡ್ಡ ಹತ್ತಿದೆ. ಎರಡನೇ ಮಹಡಿಯಲ್ಲಿ ನನ್ನನ್ನು ಹಿಡಿದಿದ್ದ ಜಾಗ ಬಂತು. ಅಲ್ಲಿ ಕಾಲು ನಿಂತುಬಿಟ್ಟಿತು. ಆಗ ಮೇಲಿನಿಂದ ಏನೋ ಲೋಹ ಕುಟ್ಟಿದ ಸದ್ದಾಯಿತು. ತಲೆ ಎತ್ತಿದೆ. ಮೆಟ್ಟಿಲ ತುದಿಯಲ್ಲಿ, ಊರಿಕೊಂಡು ನಡೆಯುವ ವಾಕರ್‌ಗೆ ಎದೆ ಆನಿಸಿ, ಬಲಗೈಯಿಂದ ಕಂಬಿ ಹಿಡಿದು ಅವಳು ನಿಂತಿದ್ದಳು. ಕಾಲಿಗೆ ಚಪ್ಪಲಿಯೂ ಇರಲಿಲ್ಲ. ಕುರ್ಚಿಯಿಂದ ಬಾಗಿಲಿಗೆ, ಬಾಗಿಲಿನಿಂದ ಅಲ್ಲಿಗೆ ಅವಳು ಹೇಗೆ ಬಂದಳೋ ನನಗೆ ಇವತ್ತಿಗೂ ಗೊತ್ತಿಲ್ಲ.

ಸಿಟ್ಟು ನೆತ್ತಿಗೇರಿತು. ಮುಗ್ಗರಿಸಿದ್ದರೆ ನೇರ ನನ್ನ ಮೇಲೇ ಉರುಳುತ್ತಿದ್ದಳು. ಉಳಿದ ಮೆಟ್ಟಿಲನ್ನು ಓಡಿಯೇ ಹತ್ತಿ, ತಲೆ ಕೆಟ್ಟಿದೆಯಾ, ಯಾರು ಏಳು ಅಂದರು ಎಂದು ಕೂಗಾಡುತ್ತಾ ಅವಳ ಸೊಂಟಕ್ಕೆ ಕೈ ಹಾಕಿದೆ. ಅವಳಿಗೆ ಏದುಸಿರು. ನನ್ನ ಮುಖ ನೋಡಲಿಲ್ಲ, ಕೆಳಗಿನ ಮೆಟ್ಟಿಲುಗಳನ್ನೇ ನೋಡುತ್ತಿದ್ದಳು.

"ನೀನು ಮೇಲೆ ಬರೋ ತನಕ ಯಾರಾದ್ರೂ ನೋಡ್ತಾ ಇರ್ಬೇಕಿತ್ತಲ್ಲ," ಎಂದಳು.

ನನಗೆ ಅಳು ಬಂತು. ಅವಳ ಪೂರಾ ಭಾರ ನನ್ನ ಮೇಲಿತ್ತು, ಕಣ್ಣು ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ. ಎಡಗಾಲು ಮುಂದಿಡು ಎಂದೆ. ಇಟ್ಟಳು.