ಬೊಂಬಾಯಿಗೆ ಹೋದ ಬೆರಳು

ಆ ದಿನ ಬೆಳಿಗ್ಗೆ ಮಾಡಿದ ಕೆಲಸಗಳು: ಬಾವಿಯಿಂದ ನೀರು ಸೇದಿ ಬಚ್ಚಲಿನ ಹಂಡೆ ತುಂಬಿದ್ದು, ದೋಸೆ ಹೊಯ್ದದ್ದು, ಮಗಳ ಜಡೆ ಹೆಣೆದು ಶಾಲೆಗೆ ಕಳಿಸಿದ್ದು, ದವಾಖಾನೆಯ ಸೂಜಿ, ಸಿರಿಂಜುಗಳನ್ನು ಕುದಿಯಲು ಇಟ್ಟದ್ದು, ಯಜಮಾನರ ಅಂಗಿಗೆ ಗುಂಡಿ ಹೊಲಿದದ್ದು, ಟೈಪ್‌ರೈಟರಿನ ಇಂಗ್ಲಿಷ್ 'ಇ' ಅಕ್ಷರದ ಹೊಟ್ಟೆಯಲ್ಲಿ ಕೂತಿದ್ದ ಮಸಿಯನ್ನು ಗುಂಡುಸೂಜಿಯಿಂದ ಕೆದಕಿ ತೆಗೆದದ್ದು, ಲೇಖನದ ಕೊನೆಯ ಹಾಳೆಯನ್ನು ಮತ್ತೊಮ್ಮೆ ಟೈಪ್ ಮಾಡಿದ್ದು. ಇಷ್ಟಾಗುವಾಗ ಹೊನ್ನಾವರದ ನಮ್ಮ ಮನೆಯ ಮುಂದಿನ ಜಗಲಿಯಲ್ಲಿ ರೋಗಿಗಳು ಸಾಲಾಗಿ ಕೂತಾಗಿತ್ತು. ಜಗಲಿಗೆ ತಾಗಿದ ಕೋಣೆಯೇ ಯಜಮಾನರ ದವಾಖಾನೆ. ಆ ಲೇಖನ ಅವರದು. ಮಧ್ಯಾಹ್ನದ ಟಪಾಲಿಗೆ ಅದು ಬೊಂಬಾಯಿಗೆ ಹೊರಡಬೇಕಿತ್ತು.

ಎಂಬತ್ತರ ದಶಕದ ಮೊದಲ ವರ್ಷಗಳು. ಶರಾವತಿ ದಾಟಿದರೆ ಸಿಗುವ ಕಾಸರಕೋಡಿನಿಂದ ಬಲೆಯವರು, ಮೀನು ಮಾರುವ ಹೆಂಗಸರು ಯಜಮಾನರ ಹತ್ತಿರವೇ ಬರುತ್ತಿದ್ದರು. ಕೈಗೆ ಮೀನಿನ ಮುಳ್ಳು ಚುಚ್ಚಿದರೆ ಅವರು ಲೆಕ್ಕಕ್ಕೆ ಇಡುವವರಲ್ಲ. ಮುಳ್ಳಿನ ತುದಿ ಒಳಗೇ ಮುರಿದು ಉಳಿದು, ಮೇಲಿನ ಗಾಯ ಮಾಯ್ದು, ಎಷ್ಟೋ ದಿನದ ಮೇಲೆ ಅದೇ ಜಾಗ ಕಪ್ಪಗೆ ಹುಣ್ಣಾಗಿ ಒಡೆಯುತ್ತಿತ್ತು. ಎಂತ ಮುಲಾಮು ಹಚ್ಚಿದರೂ ಜಪ್ಪಯ್ಯ ಅನ್ನುವುದಿಲ್ಲ. ಯಜಮಾನರು ಅಂಥ ರೋಗಿಗಳನ್ನೆಲ್ಲ ವರ್ಷಗಟ್ಟಲೆ ನೋಡಿ, ಮುಳ್ಳು ಹುಡುಕಿ ತೆಗೆದು, ಆ ಅನುಭವವನ್ನು ವೈದ್ಯಕೀಯ ಪತ್ರಿಕೆಯೊಂದಕ್ಕೆ ಬರೆದಿದ್ದರು.

ಮೊದಲ ಸಲ ಕಳಿಸಿದ್ದು ವಾಪಸ್ ಬಂದಿತ್ತು. ಅದನ್ನು ಟೈಪ್ ಮಾಡಿದವರು ಕುಮಟೆಯ ಕೋರ್ಟಿನ ಮುಂದೆ ಅರ್ಜಿ ಬರೆದುಕೊಡುವ ಹಿರಿಯರು. ಕೋರ್ಟಿನ ಉದ್ದ ಕಾಗದ, ಎಡಗಡೆ ಮಾತ್ರ ಅಂಚು, ಸಾಲಿಗೆ ಸಾಲು ತಾಗಿಸಿ ಟೈಪು, ಮೂಲೆಯಲ್ಲಿ ದಾರ ಪೋಣಿಸಿ ಗಂಟು. ಕೈರೂಢಿಯಿಂದ ಪ್ರತಿಯೊಬ್ಬ ರೋಗಿಯೂ 'ಸದರಿ ರೋಗಿ' ಆಗಿದ್ದ. ಹಿರಿಯರಿಗೆ ಹೇಗೆ ಹೇಳುವುದು ಎಂದು ಇವರು ದಾಕ್ಷಿಣ್ಯದಲ್ಲಿ ಹಾಗೇ ಕಳಿಸಿಬಿಟ್ಟರು. ಪತ್ರಿಕೆಯವರು ನಿಯಮಗಳ ಅಚ್ಚಾದ ಹಾಳೆಯೊಂದನ್ನು ಜೊತೆಗಿಟ್ಟು, ವಿಷಯ ಒಳ್ಳೆಯದಿದೆ, ಇಂಥ ತಾರೀಕಿನ ಒಳಗೆ ಈ ಕ್ರಮದಲ್ಲಿ ಬಂದರೆ ಪರಿಶೀಲಿಸುತ್ತೇವೆ ಎಂದು ಬರೆದಿದ್ದರು. ಯಜಮಾನರು ಆ ಕಟ್ಟನ್ನು ಕಪಾಟಿನ ಮೇಲೆ ಎಸೆದರು.

"ನಮ್ಗೆ ಹೇಳಿದ್ದಲ್ಲ ಇದು. ಔಷಧಿ ಚೀಟಿ ಬರ್ಕಂಡು ಇರುದೇ ವಾಸಿ" ಎಂದರು.

ಮದುವೆಗೆ ಮುಂಚೆ ಕುಮಟೆಯಲ್ಲಿ ನಾನು ಟೈಪಿಂಗ್ ಪರೀಕ್ಷೆ ಪಾಸು ಮಾಡಿದವಳು. ಆ ಬೆರಳುಗಳು ಆಮೇಲೆ ತೆಂಗಿನಕಾಯಿ ಹೆರೆಯುವುದಕ್ಕೆ ಮಾತ್ರ ಒದಗಿದ್ದವು. ಕಪಾಟಿನಿಂದ ಕಟ್ಟನ್ನು ಇಳಿಸಿ ಧೂಳು ಕೊಡವಿದೆ.

"ನಾ ಮಾಡ್ತೆ. ಒಂದು ಮಿಶಿನ್ ತರಿಸಿಕೊಡಿ" ಎಂದೆ.

"ಇದೊಂದು ಸಲ ನೋಡುವ. ಮತ್ತೂ ವಾಪಸ್ ಬಂದ್ರೆ ಆತು, ಜನ್ಮದಲ್ಲಿ ಬರೆಯೂದಿಲ್ಲ" ಎಂದರು ಇವರು. ಸಿಟ್ಟಿನ ಮಾತಲ್ಲ, ನಿಜವಾಗಿಯೂ ಬರೆಯದೆ ಇರುವ ಜಾತಿಯ ಮನುಷ್ಯ.

ಭಟ್ಕಳದ ಬಟ್ಟೆ ವ್ಯಾಪಾರಿಯೊಬ್ಬರು ಇವರ ಹಳೆಯ ರೋಗಿ. ತಮ್ಮ ಅಂಗಡಿಯ ಮಿಶಿನನ್ನು ಸೀರೆ ಕಟ್ಟುವ ಬಟ್ಟೆಯಲ್ಲಿ ಸುತ್ತಿ ಬಸ್ಸಿನಲ್ಲಿ ಕಳಿಸಿಕೊಟ್ಟರು. ಅಡುಗೆಮನೆಯ ಬೆಂಚಿನ ಮೇಲೆ ಅದನ್ನಿಟ್ಟು, ನಿಯಮದ ಹಾಳೆಯನ್ನು ಸಾಸಿವೆ ಡಬ್ಬಿಗೆ ಆನಿಸಿ ನಿಲ್ಲಿಸಿದೆ. ಸಾಲಿಗೂ ಸಾಲಿಗೂ ನಡುವೆ ಒಂದು ಸಾಲು ಖಾಲಿ. ನಾಲ್ಕೂ ಕಡೆ ಅಂಚು. ಹಾಳೆಯ ಒಂದೇ ಬದಿ. ಬರೆದವರ ಹೆಸರು ಮೊದಲ ಹಾಳೆಯಲ್ಲಿ ಮಾತ್ರ, ಒಳಗೆಲ್ಲೂ ಸುಳಿಯಬಾರದು. ಕೋಷ್ಟಕಗಳಿಗೆ ಬೇರೆ ಹಾಳೆ. ಓದಿದ ಹಳೆಯ ಲೇಖನಗಳ ಪಟ್ಟಿ ಕೊನೆಯಲ್ಲಿ, ಲೇಖನದಲ್ಲಿ ಅವು ಬಂದ ಕ್ರಮದಲ್ಲೇ ಅಂಕೆ ಹಾಕಿ. ಈ ಕೊನೆಯದೇ ನನ್ನ ಜೀವ ತಿಂದದ್ದು. ಎಲ್ಲ ಮುಗಿಯಿತು ಅನ್ನುವಾಗ ಯಜಮಾನರು ಬಂದು, "ನಡುವೆ ಇದೊಂದು ಸೇರ್ಸು" ಅನ್ನುವರು. ನಡುವೆ ಒಂದು ಸೇರಿತೆಂದರೆ ಅದರ ನಂತರದವೆಲ್ಲ ಊಟದ ಪಂಕ್ತಿಯಲ್ಲಿ ತಡವಾಗಿ ಬಂದ ನೆಂಟನಿಗೆ ಜಾಗ ಬಿಟ್ಟ ಹಾಗೆ ಒಂದೊಂದು ಮುಂದೆ ಸರಿಯಬೇಕು. ಮೂರು ಪ್ರತಿ ಬೇಕು, ನಡುವೆ ಕಾರ್ಬನ್. ಒಂದು ಅಕ್ಷರ ತಪ್ಪಿದರೆ ಮೂರು ಕಡೆ ತಿದ್ದಬೇಕು. ಹಾಳೆಗೆ ಒಗ್ಗರಣೆ ಸಿಡಿದರೆ ಆ ಹಾಳೆಯೇ ಹೊಸದು. ಬರಬರುತ್ತ ಅಡುಗೆ ಪೂರಾ ಮುಗಿಸಿ, ಬೆಂಚು ಒರೆಸಿ, ಕೈಗೆ ಸೀಗೆಪುಡಿ ಹಚ್ಚಿ ತೊಳೆದು ಮಿಶಿನಿನ ಮುಂದೆ ಕೂರುವುದು ರೂಢಿಯಾಯಿತು. ಬೆರಳಿಗೆ ಹಳೆಯ ಓಟ ಮರಳಿ ಬಂತು. ಹಾಳೆಗಳು ಒಂದರ ಮೇಲೊಂದು ಬಿಳಿಯಾಗಿ ಕೂಡುವುದನ್ನು ಕಂಡಾಗ, ಹಪ್ಪಳ ಒಂದೇ ಅಳತೆಗೆ ಲಟ್ಟಿಸಿ ಮುಗಿಸಿದ ದಿನದ ಸಂತೋಷ.

ಉಳಿದದ್ದು ಫೋಟೋ. ಕುಮಟೆಯ ಸ್ಟುಡಿಯೋದವರು ತೆಗೆದು, ಹಿಂದಿನ ಸಂಜೆ ಬಸ್ಸಿನ ಕಂಡಕ್ಟರ ಕೈಯಲ್ಲಿ ಲಕೋಟೆ ಕಳಿಸಿದ್ದರು. ಕಾಸರಕೋಡಿನ ಮೀನು ಮಾರುವ ಹೆಂಗಸೊಬ್ಬಳ ತೋರುಬೆರಳು: ಒಂದು ಹುಣ್ಣು ಇದ್ದಾಗ, ಇನ್ನೊಂದು ಮುಳ್ಳು ತೆಗೆದು ವಾಸಿಯಾದ ಮೇಲೆ. ಹಿಂಬದಿಗೆ ಮೆತ್ತನೆಯ ಪೆನ್ಸಿಲಿನಿಂದ ಚಿತ್ರದ ಅಂಕೆ ಬರೆಯಬೇಕು, ಮೇಲಿನ ದಿಕ್ಕಿಗೆ ಬಾಣದ ಗುರುತು ಹಾಕಬೇಕು. ಪೆನ್ಸಿಲ್ ಹಿಡಿದು ಕೂತೆ. ಎರಡೂ ಚಿತ್ರ ತಿರುಗಿಸಿ ನೋಡಿದೆ. ಕಿಟಕಿಯ ಬೆಳಕಿಗೆ ಹಿಡಿದೆ. ದವಾಖಾನೆಗೆ ಹೋಗಿ ಇವರ ಮುಂದೆ ಇಟ್ಟೆ.

"ಇದ್ರಲ್ಲಿ ಮೊದ್ಲಿಂದು ಯಾವ್ದು?"

"ಎಂತ ಕೇಳ್ತೆ? ಹುಣ್ಣು ಇದ್ದದ್ದು ಮೊದ್ಲಿಂದು."

"ಹುಣ್ಣು ಎರಡ್ರಲ್ಲೂ ಇಲ್ಲ."

ಇವರು ಕನ್ನಡಕ ಏರಿಸಿ ನೋಡಿದರು. ಬೆರಳು ಬಾಳೆಯ ಮೊಗ್ಗಿನಂತೆ ನುಣ್ಣಗಿತ್ತು. ಏನಾಯಿತೆಂದು ನನಗೆ ಹೊಳೆಯಿತು. ಹುಡುಗಿಯರ ಮದುವೆಯ ಫೋಟೋ ಎಂದರೆ ಆ ಸ್ಟುಡಿಯೋದವರದ್ದೇ. ಸಿಡುಬಿನ ಕಲೆ, ಸುಟ್ಟ ಗುರುತು ಏನಿದ್ದರೂ ನೆಗೆಟಿವಿನ ಮೇಲೆ ಪೆನ್ಸಿಲಿನಿಂದ ತೀಡಿ ಮಾಯ ಮಾಡುವರು. ನನ್ನ ಹಣೆಯ ಗಾಯದ ಕಲೆಯನ್ನೂ ಹಾಗೇ ತೆಗೆದು ಇವರ ಮನೆಗೆ ಫೋಟೋ ಕಳಿಸಿದ್ದರು!

"ವಾಸಿಯಾದ ಕೈಯಲ್ಲಿ ಮತ್ತೆ ಹುಣ್ಣು ಎಲ್ಲಿಂದ ತರೂದು?" ಎಂದರು ಇವರು. "ಇಂಥ ಚಿತ್ರ ನಾ ಕಳ್ಸುದಿಲ್ಲ. ಸುಳ್ಳಾಗ್ತದೆ. ಚಿತ್ರ ಇಲ್ಲದೆ ಲೇಖನವೂ ಇಲ್ಲ."

ಅಷ್ಟರಲ್ಲಿ ಬೆರಳಿನ ಯಜಮಾನತಿಯೇ ಬಾಗಿಲಲ್ಲಿ ಬುಟ್ಟಿ ಇಳಿಸಿದಳು. ವಾಸಿಯಾದ ಮೇಲೆ ಆಕೆ ಈ ಕಡೆ ಬಂದಾಗಲೆಲ್ಲ ನಮಗೆ ನಾಲ್ಕು ಬಂಗಡೆ ಮೀನು ಎತ್ತಿಟ್ಟೇ ಹೋಗುತ್ತಿದ್ದಳು. ವಿಷಯ ಹೇಳಿ ಫೋಟೋ ಕೊಟ್ಟೆ. ದೂರ ಹಿಡಿದು, ಹತ್ತಿರ ಹಿಡಿದು ನೋಡಿ ನಕ್ಕಳು.

"ಅಯ್ಯ, ಇದು ಯಾವ ಸಾವ್ಕಾರ್ತಿ ಕೈಯ್ರಾ? ಈ ಕೈ ಇದ್ದಿದ್ರೆ ನಾ ಮೀನು ಮಾರೂಕೆ ಬತ್ತಿದ್ನಾ?"

ನಾನು ಟೈಪಾದ ಹಾಳೆಗಳ ಕಟ್ಟನ್ನು, ಫೋಟೋಗಳನ್ನು ಹಳೆಯ ಟವೆಲಿನಲ್ಲಿ ಸುತ್ತಿ ಚೀಲಕ್ಕೆ ಹಾಕಿದೆ. ಪೆನ್ಸಿಲಿನಿಂದ ತೀಡಿದ್ದಾದರೆ ಒರೆಸಲೂ ಬರಬೇಕು. ಪತ್ರಿಕೆಯವರ ತಾರೀಕು ತಪ್ಪದಿರಲು ಲೇಖನ ಅಂದೇ ಹೊರಡಬೇಕು, ಕುಮಟೆಯಲ್ಲೂ ಪೋಸ್ಟಾಫೀಸು ಇದೆ. ಇವರಿಗೆ ರೋಗಿಗಳನ್ನು ಬಿಟ್ಟು ಏಳುವಂತಿಲ್ಲ.

"ತಡೀರಿ ಅಮ್ಮಾ, ನಾನೂ ಬತ್ತೆ. ನನ್ನ ಬೆರಳಲ್ದಾ?" ಎಂದು ನಾಲ್ಕು ಬಂಗಡೆ ಎತ್ತಿಟ್ಟು, ಬುಟ್ಟಿಯನ್ನು ಜಗಲಿಯಲ್ಲೇ ಬಿಟ್ಟು ಆಕೆಯೂ ಹೊರಟಳು.

ಬಸ್ಸಿನಲ್ಲಿ ಹಳದೀಪುರ ದಾಟುವವರೆಗೆ ನನ್ನ ಕೈ ಚೀಲದ ಮೇಲೇ ಇತ್ತು. ಆಕೆ ಕೇಳಿದಳು, "ಪುಸ್ತಕದಲ್ಲಿ ನನ್ನ ಹೆಸ್ರು ಬತ್ತದಾ?"

"ಹೆಸರು ಹಾಕಬಾರದು ಹೇಳಿ ನಿಯಮ. ನಲವತ್ತು ವರ್ಷದ ಮೀನು ಮಾರುವ ಹೆಂಗಸು, ಹೇಳಿ ಬರೆದಿದೆ."

"ನಲವತ್ತಾ! ಯಾರು ಹೇಳಿದ್ರು? ಡಾಕ್ಟ್ರು ಕೈ ನೋಡೂಕೆ ಕೂತದ್ದಾ, ಕೂದ್ಲು ನೋಡೂಕೆ ಕೂತದ್ದಾ? ಮೂವತ್ತೈದು ಹಾಕಿ."

"ಟೈಪ್ ಆಗಿಹೋಯ್ತು ಮಾರಾಯ್ತಿ. ಮೂರು ಪ್ರತಿ ತಿದ್ದಬೇಕು."

"ಹೆಸ್ರೂ ಇಲ್ಲ, ಪ್ರಾಯನೂ ಸಮಾ ಇಲ್ಲ. ಬೆರಳು ಒಂದಾದ್ರೂ ನಂದೇ ಇರ್ಲಿ" ಎಂದು ಆಕೆ ಕಿಟಕಿಯ ಕಡೆ ಮುಖ ತಿರುಗಿಸಿದಳು.

ಸ್ಟುಡಿಯೋದವರು ನಮ್ಮನ್ನು ಕಂಡು ಎದ್ದು ನಿಂತರು. ಹೊಗಳಲು ಬಂದಿದ್ದೇವೆ ಎಂದೇ ಅವರ ಭಾವನೆ.

"ಹೆಂಗಾಯ್ದೆ ಅಕ್ಕೋರೆ? ಡಾಕ್ಟ್ರ ಕೆಲ್ಸ ಹೇಳಿ ಎಷ್ಟು ಹೊತ್ತು ಕೂತು ತೀಡಿದ್ದೆ! ಒಂದು ಚುಕ್ಕಿ ಕಾಣ್ತದಾ?"

"ಆ ಚುಕ್ಕಿಯೇ ಬೇಕಾಗಿತ್ತು" ಎಂದೆ. "ಹುಣ್ಣು ಕಾಣದಿದ್ರೆ ಅವ್ರು ಇಷ್ಟು ಬರೆದದ್ದೆಲ್ಲ ನೀರಿಗೆ ಹಾಕಿದ ಹಾಗೆ."

ಅವರ ಮುಖ ಸಣ್ಣದಾಯಿತು. "ಹೆಂಗಸ್ರ ಕೈಯಿ. ಕಲೆ ಇಟ್ಟು ಹೆಂಗೆ ಕೊಡೂದು? ನಾಳೆ ನನ್ನ ಸ್ಟುಡಿಯೋಕ್ಕೆ ಯಾರು ಬತ್ರು?"

"ನಂಗೆ ಮದುವೆ ಆಗಿ ಮೂರು ಮಕ್ಳಾತು. ನೀವು ಒರೆಸಿ ಮಾರಾಯ್ರೆ" ಎಂದಳು ಆಕೆ, ಬೆರಳನ್ನು ಅವರ ಮೂಗಿನ ಎದುರಿಗೇ ಹಿಡಿದು.

ಕೊನೆಗೆ ಅವರು ನೆಗೆಟಿವ್ ಹುಡುಕಿ ತೆಗೆದರು. ಹತ್ತಿಗೆ ಟರ್ಪೆಂಟೈನ್ ಹನಿಸಿ, ಮಗುವಿನ ಕಣ್ಣು ಒರೆಸುವ ಹಾಗೆ ಒರೆಸಿದರು. ಕತ್ತಲೆಕೋಣೆಗೆ ಹೋದವರು ಸುಮಾರು ಹೊತ್ತು ಹೊರಗೆ ಬರಲಿಲ್ಲ. ಆಮೇಲೆ ಒದ್ದೆ ಫೋಟೋಗಳನ್ನು ಗಾಜಿನ ಹಲಗೆಗೆ ಅಂಟಿಸಿ, ಎದುರಿಗೆ ಟೇಬಲ್ ಫ್ಯಾನ್ ಇಟ್ಟರು. ಒಣಗಿದ ಮೇಲೆ ತಾವಾಗಿಯೇ ಕಳಚಬೇಕು, ಎಳೆದರೆ ಹೊಳಪು ಹೋಗುತ್ತದೆ. ರಿಜಿಸ್ಟರ್ ಟಪಾಲಿನ ಹೊತ್ತು ಹತ್ತಿರವಾಗುತ್ತಿತ್ತು. ನಾವು ಮೂವರೂ ಗಾಜನ್ನು ನೋಡುತ್ತ, ಹಾಲು ಉಕ್ಕುವುದನ್ನು ಕಾಯುವವರಂತೆ ಕೂತೆವು. ಮೊದಲು ಒಂದು ಮೂಲೆ ಎದ್ದಿತು. ಆಮೇಲೆ ಟಪ್ಪೆಂದು ಪೂರ್ತಿ ಬಿತ್ತು. ಕಪ್ಪು ಅಂಚಿನ ಹುಣ್ಣು, ಸುತ್ತ ಬಿಗಿದ ಚರ್ಮ, ಎಲ್ಲ ಅಚ್ಚೊತ್ತಿದ ಹಾಗೆ ಕಂಡಿತು.

"ಹಾಂ, ಇದು ನಂದು!" ಎಂದಳು ಆಕೆ. ಅಷ್ಟು ಕೆಟ್ಟ ಚಿತ್ರ ನೋಡಿ ಅಷ್ಟು ಸಂತೋಷಪಟ್ಟವರನ್ನು ನಾನು ಕಂಡಿಲ್ಲ.

ಸ್ಟುಡಿಯೋದವರು ಮಾಮೂಲಿನಂತೆ ಹಿಂಬದಿಗೆ ಸೀಲು ಹೊಡೆಯಲು ಕೈ ಚಾಚಿ, ತಾವೇ ಹಿಂದೆಗೆದರು. "ಇದಕ್ಕೆ ನನ್ನ ಸೀಲು ಬೇಡ್ರಾ. ಮರ್ಯಾದೆ ಹೋಗ್ತದೆ." ನಿಯಮದ ಪ್ರಕಾರವೂ ಮಸಿಯ ಸೀಲು ಕೂಡದು. ಎರಡು ಕಡೆಯ ಮರ್ಯಾದೆಯೂ ಉಳಿಯಿತು. ಅವರ ಮೇಜಿನ ಮೇಲೆಯೇ ಅಂಕೆ ಬರೆದೆ, ಬಾಣ ಹಾಕಿದೆ, ಎರಡು ರಟ್ಟಿನ ನಡುವೆ ಫೋಟೋಗಳನ್ನು ಇಟ್ಟು ಲಕೋಟೆ ಅಂಟಿಸಿದೆ. ತೀಡಿದ ಹಳೆಯ ಫೋಟೋವನ್ನು ಹರಿಯಲು ಹೊರಟಾಗ ಆಕೆ ಕಸಿದುಕೊಂಡಳು.

"ಹರೀಬೇಡಿ! ಗಾಯದ್ದು ಬೊಂಬಾಯಿಗೆ, ಚೆಂದದ್ದು ನನ್ಗೆ."

ಪೋಸ್ಟಾಫೀಸಿನ ಕಿಟಕಿಯವರು ಲಕೋಟೆ ತೂಗಿ, ವಿಳಾಸವನ್ನು ಗಟ್ಟಿಯಾಗಿ ಓದಿ, "ವೈದ್ಯಕೀಯ ಪತ್ರಿಕೆಗೆ? ನಮ್ಮ ಬದಿಯಿಂದ?" ಎಂದು ತಲೆಯೆತ್ತಿ ನೋಡಿದರು. "ಹೌದು, ನಮ್ಮ ಬದಿಯಿಂದ" ಎಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು.

ಮಳೆಗಾಲ ಕಳೆದ ಮೇಲೆ, ಪ್ರಕಟಣೆಗೆ ಸ್ವೀಕರಿಸಿದ್ದೇವೆ ಎಂಬ ಪತ್ರ ಬಂತು. ಹಸ್ತಪ್ರತಿ ಅಚ್ಚುಕಟ್ಟಾಗಿದೆ, ಚಿತ್ರಗಳು ಸ್ಪಷ್ಟವಾಗಿವೆ ಎಂದು ಅದರಲ್ಲಿತ್ತು. ಯಜಮಾನರು ಆ ಸಾಲನ್ನು ದವಾಖಾನೆಯಿಂದ ಅಡುಗೆಮನೆಗೆ ಬಂದು ನನಗೆ ಓದಿ ಹೇಳಿ, ಮತ್ತೆ ಹೋಗಿ, ಮತ್ತೆ ಬಂದು ಓದಿದರು. ಅಂಚುಗಳನ್ನು ಅಳೆದ ಅದೇ ಬೆಂಚಿನ ಮೇಲೆ ನಾನು ಬೆಂಡೆಕಾಯಿ ಹೆಚ್ಚುತ್ತಿದ್ದೆ. ಆ ಲೇಖನದ ಮೇಲೆ ಅವರು ಇನ್ನೂ ನಾಲ್ಕಾರು ಲೇಖನ ಬರೆದರು. ಎಲ್ಲವನ್ನೂ ಟೈಪ್ ಮಾಡಿದವಳು ನಾನೇ.

ಆದರೆ ಆ ದಿನ ಇದೊಂದೂ ಗೊತ್ತಿರಲಿಲ್ಲ. ಮನೆಗೆ ಬಂದಾಗ ಇವರು ಜಗಲಿಯಲ್ಲಿ ನಿಂತಿದ್ದರು.

"ಆತಾ?"

"ಆತು" ಎಂದು ರಸೀದಿ ಕೊಟ್ಟೆ. "ಹುಣ್ಣು ವಾಪಸ್ ಬಂತು."

ರಾತ್ರಿ ಕುಚ್ಚಕ್ಕಿ ಅನ್ನ, ಆಕೆ ಇಟ್ಟುಹೋದ ಬಂಗಡೆಯ ಸಾರು, ಎರಡು ಹುರಿದ ತುಂಡು, ಬೆಳಗಿನ ದೋಸೆಗೆ ಮಾಡಿದ ಚಟ್ನಿಯಲ್ಲಿ ಉಳಿದಷ್ಟು. ಮೀನಿನ ಮುಳ್ಳನ್ನು ಇವರು ಎಂದಿಗಿಂತ ಜಾಗ್ರತೆಯಿಂದ ಬಿಡಿಸಿ ಮಗಳ ತಾಟಿಗೆ ಹಾಕಿದರು. ತಿಂಗಳುಗಟ್ಟಲೆ ಉಲ್ಲೇಖದ ಅಂಕೆಗಳನ್ನು ಗೊಣಗುತ್ತ ಹೊರಳಾಡುತ್ತಿದ್ದ ಮನುಷ್ಯ ಅಂದು ಎಲ್ಲರಿಗಿಂತ ಮೊದಲು, ಮಗಳಿಗಿಂತಲೂ ಮೊದಲು ನಿದ್ದೆ ಹೋದರು. ನಾನು ಮಿಶಿನಿಗೆ ಭಟ್ಕಳದ ಬಟ್ಟೆ ಹೊದಿಸಿ, ದೀಪ ಆರಿಸಿ ಮಲಗಿದೆ.